ಹಿಮಾ ಬಿಡುವವರೆಗೆ

ಅಬ್ಹಾದ ಮೇಲಿನ ಕ್ಯಾಂಪ್
12-10-1984, ಶುಕ್ರವಾರ

ಪ್ರೀತಿಯ ಅಕ್ಕ ನಳಿನಾಕ್ಷಿಗೆ,

ನಿನ್ನ ತಮ್ಮ ನೋಣಯ ಬದುಕಿದ್ದಾನೆ, ಉಂಡಿದ್ದಾನೆ, ಯಾರೊಟ್ಟಿಗೂ ಜಗಳ ಆಡಿಲ್ಲ. ನನ್ನ ಪತ್ರ ಒಡೆದರೆ ನೀನು ಮೊದಲು ಹುಡುಕುವುದು ಈ ಮೂರು ಸುದ್ದಿಗಳನ್ನೇ ಎಂದು ಗೊತ್ತಿದ್ದು ಮೊದಲೇ ಬರೆದೆ. ಇನ್ನು ನಿಧಾನವಾಗಿ ಓದು.

ನಾನು ಈಗ ಘಟ್ಟದ ಮೇಲಿನವ. ಸೌದಿ ಎಂದರೆ ಬರೀ ಮರಳು ಎಂದು ಮೊದಲು ಖಫ್ಜಿಯ ಸೈಟಿನಲ್ಲಿದ್ದಾಗ ನಂಬಿದ್ದೆ. ದೇಶದ ಈ ನೈಋತ್ಯ ಮೂಲೆಯಲ್ಲಿ ಬೆಟ್ಟಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿವೆ. ಕ್ಯಾಂಪಿನಿಂದ ಸ್ವಲ್ಪ ನಡೆದರೆ ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಹದ್ದುಗಳ ಬೆನ್ನು ಕಾಣುತ್ತದೆ. ಅದಕ್ಕೂ ಕೆಳಗೆ ಸೆಖೆಯ ಬಯಲು, ಅದರಾಚೆ ಸಮುದ್ರ. ಥೇಟ್ ನಮ್ಮದೇ ಲೆಕ್ಕ, ಘಟ್ಟದ ಮೇಲೆ ಮತ್ತು ಘಟ್ಟದ ಕೆಳಗೆ. ಸಂಜೆ ಸಮುದ್ರದ ಕಡೆಯಿಂದ ಮಂಜು ಹತ್ತಿ ಬಂತೆಂದರೆ ಪಕ್ಕದಲ್ಲಿ ಕೂತವನ ಮೂಗು ಕಾಣುವುದಿಲ್ಲ.

ಇಲ್ಲಿ ಕಾಡು ಉಂಟು ಎಂದರೆ ನಂಬುತ್ತೀಯಾ? ಅರ್‌ಅರ್ ಎಂಬ ಮರ. ನಮ್ಮ ಕಡಲ ಬದಿಯ ಗಾಳಿಮರಕ್ಕೆ ದೂರದ ಸಂಬಂಧ ಇರಬಹುದು, ಆದರೆ ಗಿಡ್ಡ, ಮೈಯೆಲ್ಲ ತಿರುಚಿದ್ದು. ಕೊಂಬೆ ಮುರಿದರೆ ಪೆನ್ಸಿಲ್ ಕೆತ್ತಿದ ವಾಸನೆ ಬರುತ್ತದೆ. ನಿನ್ನ ಮಗಳು ಸ್ವರ್ಣ ಚಿಕ್ಕವಳಿದ್ದಾಗ ಪೆನ್ಸಿಲ್ ಕೆತ್ತಿ ಕೆತ್ತಿ ನಿನ್ನ ಸೆರಗಿಗೆ ಸುರಿಯುತ್ತಿದ್ದಳಲ್ಲ, ಅದೇ ವಾಸನೆ. ಮರಗಳ ನಡುವೆ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಗದ್ದೆಗಳು, ಅಲ್ಲಿ ಗೋಧಿ, ಬಾರ್ಲಿ. ಮಣ್ಣಿನ ಮನೆಗಳ ಗೋಡೆಯಲ್ಲಿ ಚಪ್ಪಡಿ ಕಲ್ಲುಗಳನ್ನು ಸಾಲಾಗಿ ಹೊರಗೆ ಚಾಚಿ ಇಟ್ಟಿದ್ದಾರೆ, ಮಳೆನೀರು ಗೋಡೆಗೆ ತಾಗದ ಹಾಗೆ. ನಾವು ಮಳೆಗಾಲಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದೆವು, ಇವರು ಕಲ್ಲಿನದ್ದೇ ಕಟ್ಟಿಬಿಟ್ಟಿದ್ದಾರೆ. ಗಂಡಸರು ತಲೆಗೆ ಹೂ ಮುಡಿಯುತ್ತಾರೆ, ಮೀಸೆ ಹೊತ್ತ ಗಂಡಸರು. ನನಗೆ ಮೊದಲ ದಿನ ನಗು ತಡೆಯಲಿಲ್ಲ.

ಈ ಕಾಡನ್ನೆಲ್ಲ ಸೇರಿಸಿ ಸರಕಾರ ನ್ಯಾಷನಲ್ ಪಾರ್ಕ್ ಮಾಡಿದೆ. ಅದರೊಳಗಿನ ಒಂದು ರಸ್ತೆ ನಮ್ಮ ಕಂಪನಿಗೆ ಸಿಕ್ಕಿದೆ. ನಾನು ಬುಲ್ಡೋಜರಿನಲ್ಲಿ ಮುಂದೆ ದಾರಿ ಬಿಡಿಸುತ್ತಾ ಹೋಗುವುದು, ಉಳಿದವರು ಹಿಂದೆ ಬರುವುದು. ಝಿಯಾವುದ್ದೀನ್ ಸಾಹೇಬರು ಹೇಳಿದ್ದನ್ನು ಮರೆತಿಲ್ಲ. ರಸ್ತೆ ಮುಗಿದರೆ ಜಿದ್ದಾಕ್ಕೆ, ಇನ್ನೊಂದು ದೂರು ಬಂದರೆ ಊರಿಗೆ.

ಇಂತು,
ನೋಣಯ

ಅಜೀಜಿಯಾ, ಜಿದ್ದಾ
23-10-1984

ನೋಣಯನಿಗೆ ಅಕ್ಕನ ಆಶೀರ್ವಾದ.

ಹದ್ದಿನ ಬೆನ್ನು, ಗಂಡಸರ ಹೂ, ಎಲ್ಲ ಓದಿದೆ. ಚಂದ ಬರೆದಿದ್ದಿ. ಅಂಚಿಗೆ ಹೋಗಿ ನಿಲ್ಲಬೇಡ. ನೀನು ಚಿಕ್ಕಂದಿನಲ್ಲೂ ಬಾವಿ ಕಟ್ಟೆಯ ಮೇಲೆ ನಿಂತೇ ಮಾತಾಡುವವ.

ನಿನಗೆ ಬೇಜಾರಾದರೂ ಒಂದು ಮಾತು ಇನ್ನೊಮ್ಮೆ ಬರೆಯುತ್ತೇನೆ. ಖಫ್ಜಿಯಲ್ಲಿ ನೀನು ಫೋರ್‌ಮನ್‌ನ ಅಂಗಿ ಹಿಡಿದದ್ದು ನ್ಯಾಯಕ್ಕೇ ಇರಬಹುದು. ಆದರೆ ಆ ನ್ಯಾಯಕ್ಕೆ ಶರಫಿಯಾದ ಕಂಪನಿ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತು ಕಾದವಳು ನಾನು. ನಮ್ಮಿಬ್ಬರನ್ನೂ ಇಲ್ಲಿಗೆ ತರಿಸಿದ ಕಫೀಲ್ ಒಬ್ಬನೇ. ನಾನು ಕೆಲಸ ಮಾಡುವ ಕ್ಲಿನಿಕ್ ಅವನದ್ದೇ, ನೀನು ಹತ್ತಿ ಕೂತ ಮೆಷಿನ್ನೂ ಅವನದ್ದೇ. ಎರಡಕ್ಕೂ ಮ್ಯಾನೇಜರ್ ಝಿಯಾವುದ್ದೀನ್ ಸಾಹೇಬರು. ಆವತ್ತು ಅವರು ಚಹಾ ಕುಡಿಸಿ, ಬಹಳ ಮರ್ಯಾದೆಯಿಂದ ಹೇಳಿದರು, "ಸಿಸ್ಟರ್, ನಿಮ್ಮ ತಮ್ಮನಿಗೆ ನೀವೇ ಜವಾಬು. ಅವನು ಹೋದರೆ ನೀವೂ ಹೋಗುತ್ತೀರಿ." ಬೈಯುವವರಿಗೆ ನಾನು ಹೆದರುವುದಿಲ್ಲ. ಇವರು ಬೈಯುವುದೇ ಇಲ್ಲ.

ಸ್ವರ್ಣಲತಾ ಹಾಸ್ಟೆಲಿನಿಂದ ಬರೆದಿದ್ದಾಳೆ. ಪಿಯುಸಿ ಆದ ಮೇಲೆ ಡಾಕ್ಟರಿಕೆಗೆ ಪ್ರಯತ್ನಿಸುತ್ತಾಳಂತೆ. ಅಪ್ಪ ಇಲ್ಲದ ಮಗು, ಓದಿನ ಮೇಲೆ ಇಷ್ಟು ಆಸೆ ಇಟ್ಟುಕೊಂಡಿದೆ. ಅವಳ ಓದು ಮುಗಿಯುವವರೆಗೆ ನಾನು ಇಲ್ಲಿರಬೇಕು. ನಾನು ಇಲ್ಲಿರಬೇಕಾದರೆ ನೀನು ಬಾಯಿ ಮುಚ್ಚಿಕೊಂಡು ಇರಬೇಕು. ಇಷ್ಟೇ ಲೆಕ್ಕ.

ರೇಷನ್ ಲಾರಿಯ ಅಬೂಬಕರ್ ವಾರವಾರ ಬರುತ್ತಾನಲ್ಲ, ಇನ್ನು ಪತ್ರಗಳನ್ನು ಅವನ ಕೈಯಲ್ಲೇ ಕೊಡು. ಪೋಸ್ಟಿಗಿಂತ ಬೇಗ. ಉಳ್ಳಾಲದವನಾದ್ದರಿಂದ ಕೆಲವು ಸಮಾಚಾರ ಬಾಯಲ್ಲೂ ಬರುತ್ತದೆ. ಅವನ ಕೈಯಲ್ಲಿ ಹುರುಳಿ ಚಟ್ನಿಪುಡಿ ಕಳಿಸಿದ್ದೇನೆ, ಒಂದೇ ದಿನ ಮುಗಿಸಬೇಡ.

ನಿನ್ನ ಅಕ್ಕ,
ನಳಿನಾಕ್ಷಿ

ಕ್ಯಾಂಪ್
9-11-1984, ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ಬರೆಯಲು ತಡವಾಯಿತು. ಚಟ್ನಿಪುಡಿ ಎರಡು ದಿನ ಬಂತು, ನಿನ್ನ ಮಾತು ಮೀರಲಿಲ್ಲ.

ರಸ್ತೆ ಹಿಮಾದ ಬುಡಕ್ಕೆ ಬಂದು ನಿಂತಿದೆ. ಎದುರಿನ ಗುಡ್ಡದ ಬೆನ್ನು ಪೂರ್ತಿ ಹಿಮಾ. ಬೆಳಗಿನ ಬಿಸಿಲಿಗೆ ಅದರ ಅಂಚು ಬೆಳ್ಳಗೆ ಹೊಳೆಯುತ್ತದೆ. ಊರಿನ ಹಿರಿಯರು ಮುಫ್ರಿಹ್ ಎಂದು ಒಬ್ಬರಿದ್ದಾರೆ, ಹೂ ಮುಡಿಯುವವರೇ. ದಿನಾ ಬಂದು ನನ್ನ ಮೆಷಿನಿನ ಹತ್ತಿರ ಕೂರುತ್ತಾರೆ. ಹಿಮಾ ಬಿಡುವುದು ಬೇಸಿಗೆಯಲ್ಲಿ, ಅಲ್ಲಿಯವರೆಗೆ ಒಂದು ಕುರಿಯೂ ಅದರ ಮೇಲೆ ಕಾಲಿಡುವುದಿಲ್ಲ ಅನ್ನುತ್ತಾರೆ. ಇಲ್ಲಿಯ ಫೋರ್‌ಮನ್ ಇಕ್ರಾಮುಲ್ಲಾನಿಗೆ ಇದೆಲ್ಲ ತಲೆಗೆ ಹೋಗುವುದಿಲ್ಲ. ಹಿಮಾ ಆದರೆ ಎಂತ, ತಳ್ಳಿಕೊಂಡು ಹೋಗು, ಯಲ್ಲಾ, ಎನ್ನುತ್ತಾನೆ. ತಳ್ಳುವುದಕ್ಕೆ ಮೆಷಿನಿಗೆ ಏನೂ ಕಷ್ಟ ಇಲ್ಲ. ತಳ್ಳಿದ ಮೇಲೆ ಏನಾಗುತ್ತದೆ ಎಂಬುದು ಬೇರೆ ವಿಷಯ.

ನಾನು ಸುಮ್ಮನೆ ಕೈ ಕಟ್ಟಿ ಕೂತಿದ್ದೇನೆ. ಜಗಳ ಆಡಿಲ್ಲ. ಅಂಗಿ ಹಿಡಿದಿಲ್ಲ. ಮೆಷಿನಿನ ಎದುರಿನ ಗಾಜು ಒಡೆದಿದೆ, ಏನೂ ಇಲ್ಲ, ಕಲ್ಲು ಹಾರಿದ್ದು. ಗಾಳಿ ಸೀದಾ ಮುಖಕ್ಕೆ ಬರುತ್ತದೆ.

ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಿನಗೆ ಏನೂ ಗೊತ್ತಿಲ್ಲ. ಅವರಿಗೆ ಎಂತ ಹೇಳಬೇಕೋ ಅದನ್ನು ನಾನು ಹೇಳಿದ್ದೇನೆ. ಇನ್ನು ಸ್ವಲ್ಪ ಸಮಯ ಹೀಗೇ ತಳ್ಳಿದರೆ ಎಲ್ಲ ಸರಿಯಾಗುತ್ತದೆ. ಸ್ವರ್ಣಳಿಗೆ ಬರೆಯುವಾಗ ಮಾವ ಕೇಳಿದ ಎಂದು ಬರಿ.

ಇಂತು,
ನೋಣಯ

ಅಜೀಜಿಯಾ, ಜಿದ್ದಾ
22-11-1984

ಪ್ರೀತಿಯ ನೋಣಯ,

ನಿನ್ನ ಪತ್ರ ಓದಿ ನನಗೇ ಚಳಿ ಹಿಡಿಯಿತು. ಒಡೆದ ಗಾಜಿನಲ್ಲಿ ಹಿಮದ ಗಾಳಿ ಕುಡಿಯುತ್ತಾ ಕೂರುವುದೆಂದರೆ ಏನು ಮಾರಾಯ? ನಮ್ಮ ವಂಶದಲ್ಲಿ ಯಾರೂ ಹಿಮ ನೋಡಿದವರಿಲ್ಲ. ಈ ಪತ್ರದ ಜೊತೆ ಅಬೂಬಕರ್ ಕೈಯಲ್ಲಿ ಉಲ್ಲನ್ ಸ್ವೆಟರ್, ಮಂಗನ ಟೊಪ್ಪಿ, ಎರಡು ಜೊತೆ ಕಾಲುಚೀಲ, ಒಂದು ವಿಕ್ಸ್ ಡಬ್ಬಿ ಕಳಿಸಿದ್ದೇನೆ. ಸ್ವೆಟರ್ ದೊಡ್ಡದಾದರೆ ಒಳಗೆ ಇನ್ನೊಂದು ಅಂಗಿ ಹಾಕು. ನಮ್ಮ ಕ್ಲಿನಿಕ್ಕಿನ ಡಾಕ್ಟರು ಹೇಳಿದರು, ಹಿಮದಲ್ಲಿ ಬೆರಳ ತುದಿ ಕಪ್ಪಾದರೆ ತಿಕ್ಕಬಾರದಂತೆ.

ಈಗ ಒಂದು ಒಳ್ಳೆಯ ಸುದ್ದಿ. ಮೊನ್ನೆ ಝಿಯಾವುದ್ದೀನ್ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿದರು. ರಸ್ತೆ ಮುಂದೆ ಹೋಗುತ್ತಿಲ್ಲ, ಯಾಕೆ, ಎಂದು ಕೇಳಿದರು. ಏನೂ ಗೊತ್ತಿಲ್ಲ ಎನ್ನಲು ನೀನು ಬರೆದಿದ್ದಿ. ಆದರೆ ಅವರ ಮುಖ ನೋಡಿದರೆ, ನೀನು ಪುನಃ ಯಾರದ್ದೋ ಅಂಗಿ ಹಿಡಿದಿದ್ದಿ ಎಂದೇ ತೀರ್ಮಾನ ಮಾಡಿದ ಹಾಗಿತ್ತು. ನನಗೆ ಕೂರಲಿಕ್ಕಾಗಲಿಲ್ಲ. ನೇರವಾಗಿ ಹೇಳಿಬಿಟ್ಟೆ.

"ಸಾಬ್, ನನ್ನ ತಮ್ಮನ ತಪ್ಪಿಲ್ಲ. ಅಲ್ಲಿ ಬರ್ಫ್ ಬಿದ್ದಿದೆ. ಗುಡ್ಡ ಪೂರ್ತಿ ಬರ್ಫ್. ಕುರಿಗಳೂ ಕಾಲಿಡುವುದಿಲ್ಲವಂತೆ."

ಅವರು ಕನ್ನಡಕ ತೆಗೆದು ಒರೆಸಿದರು. "ಬರ್ಫ್?" ಎಂದರು. "ಹೌದು ಸಾಬ್, ಬರ್ಫ್ ಬಿಟ್ಟ ಕೂಡಲೇ ಮೆಷಿನ್ ಇಳಿಸುತ್ತಾನೆ. ಅದಕ್ಕೆ ನಾನು ಜವಾಬು," ಎಂದೆ. ಅವರು ನಕ್ಕರು. ನನ್ನನ್ನು ಬಾಗಿಲವರೆಗೆ ಬಿಟ್ಟು, ಬಹಳ ಉಪಕಾರವಾಯಿತು ಸಿಸ್ಟರ್ ಎಂದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡದ್ದಿಲ್ಲ. ನೀನು ಯಾವಾಗಲೂ ಅಕ್ಕ ಹೆದರುಪುಕ್ಕಿ ಎನ್ನುತ್ತಿ. ಈ ಸಲ ನಿನ್ನ ಪರವಾಗಿ ನಿಂತು ಮಾತಾಡಿದ್ದೇನೆ ಎಂದು ನೆನಪಿರಲಿ.

ನಿನ್ನ ಅಕ್ಕ,
ನಳಿನಾಕ್ಷಿ

ಕ್ಯಾಂಪ್
30-11-1984, ಶುಕ್ರವಾರ

ಅಕ್ಕ,

ನೀನು ಎಂತ ಮಾಡಿಬಿಟ್ಟೆ?

ಅದು ಹಿಮ ಅಲ್ಲ, ಹಿಮಾ. ಇವರ ಭಾಷೆಯ ಮಾತು. ನಾನು ದಿನವಿಡೀ ಇಲ್ಲಿ ಅದನ್ನೇ ಕೇಳಿ ಕೇಳಿ, ನಿನಗೂ ಗೊತ್ತಿದೆ ಎನ್ನುವ ಹಾಗೆ ಬರೆದುಬಿಟ್ಟೆ. ಇಲ್ಲಿ ಹಿಮ ಎಲ್ಲಿಂದ ಬೀಳಬೇಕು? ಚಳಿ ಉಂಟು, ಮಂಜು ಉಂಟು. ಬಿಳಿಯ ಅಂಚು ಎಂದು ಬರೆದದ್ದು ಗಡಿಗೆ ಇಟ್ಟ ಕಲ್ಲುಗಳು, ಅವಕ್ಕೆ ಸುಣ್ಣ ಬಳಿದಿದ್ದಾರೆ.

ಹಿಮಾ ಎಂದರೆ ಊರಿನವರು ಕಾದಿಟ್ಟ ಕಾಡು. ನಮ್ಮಲ್ಲಿ ಸ್ವಂತ ವರ್ಗದ ಜಾಗದ ಆಚೆ ಕುಮ್ಕಿ ಕಾಡು ಇತ್ತಲ್ಲ, ಅಮ್ಮ ಸೊಪ್ಪಿಗೆ, ತರಗೆಲೆಗೆ ಹೋಗುತ್ತಿದ್ದದ್ದು, ಸುಮಾರು ಹಾಗೆ. ಆದರೆ ಒಂದು ಮನೆಯದ್ದಲ್ಲ, ಇಡೀ ಊರಿನದ್ದು. ವರ್ಷದಲ್ಲಿ ಹೆಚ್ಚಿನ ಸಮಯ ಅದನ್ನು ಮುಚ್ಚಿಡುತ್ತಾರೆ. ಕುರಿ ಬಿಡುವಂತಿಲ್ಲ, ಕೊಂಬೆ ಕಡಿಯುವಂತಿಲ್ಲ, ಜೇನುಪೆಟ್ಟಿಗೆ ಮಾತ್ರ ಇಡಬಹುದು. ಬೇಸಿಗೆಯಲ್ಲಿ ಎಲ್ಲ ಕಡೆ ಹುಲ್ಲು ಒಣಗಿದಾಗ ಹಿರಿಯರು ನಿಂತು ಕೂಗಿ ಬಿಡುತ್ತಾರೆ. ಆಗ ಎಲ್ಲ ಮನೆಯವರೂ ಕತ್ತಿ ಹಿಡಿದು ಬರುತ್ತಾರೆ. ಅದಕ್ಕೇ ಹಿಮಾ ಬಿಡುವುದು ಎನ್ನುವುದು. ಬರಗಾಲದಲ್ಲಿ ಈ ಊರಿನ ಕುರಿ ಉಳಿಯುವುದು ಅದೊಂದರಿಂದ. ಅಕ್ಕಪಕ್ಕದ ಗುಡ್ಡಗಳು ಬೋಳಾಗಿವೆ, ಇದೊಂದು ಮಾತ್ರ ಹಸುರು.

ನಕ್ಷೆಯಲ್ಲಿ ರಸ್ತೆ ಹಿಮಾದ ಹೊರಗೆ ಸುತ್ತಿ ಹೋಗುತ್ತದೆ. ಪಾರ್ಕಿನವರು ಸರಿಯಾಗಿಯೇ ಗೆರೆ ಎಳೆದಿದ್ದಾರೆ. ಆ ಸುತ್ತಿನಲ್ಲಿ ಬಂಡೆ ಸಿಗುತ್ತದೆ, ಕೆಲಸ ನಿಧಾನ. ಹಿಮಾದ ನಡುವೆ ಸೀಳಿಕೊಂಡು ಹೋದರೆ ಮಣ್ಣು, ಬೇಗ ಆಗುತ್ತದೆ. ಅಷ್ಟೇ ಕಥೆ. ಪಾರ್ಕಿನ ಇಂಜಿನಿಯರ್ ಡಿಸೆಂಬರ್ ಮಧ್ಯದಲ್ಲಿ ನೋಡಲು ಬರುತ್ತಾರೆ. ಮುಫ್ರಿಹ್ ಅಬ್ಹಾಕ್ಕೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾರೆ. ಅಲ್ಲಿಯವರೆಗೆ ನಾನು ದಿನ ತಳ್ಳಬೇಕಿತ್ತು. ಅದಕ್ಕೆ ಮೆಷಿನಿನ ಎಣ್ಣೆ ಪೈಪ್ ಒಡೆದಿದೆ, ಹೊಸ ಪೈಪ್ ಬರಬೇಕು ಎಂದು ಆಫೀಸಿಗೆ ಹೇಳಿದ್ದೆ. ಅವರು ನಂಬಿ ದಮ್ಮಾಮಿಗೆ ಆರ್ಡರೂ ಕೊಟ್ಟಿದ್ದರು.

ನಾನು ಪೈಪ್ ಎಂದೆ, ನೀನು ಬರ್ಫ್ ಎಂದೆ. ಝಿಯಾವುದ್ದೀನ್ ಸಾಹೇಬರು ಖುಷಿಯಾಗದೆ ಇನ್ನೇನಾಗುತ್ತಾರೆ?

ನಿನ್ನೆ ವೈರ್‌ಲೆಸ್ಸಿನಲ್ಲಿ ಆರ್ಡರ್ ಬಂತು. ಇಕ್ರಾಮುಲ್ಲಾ ಇಡೀ ಕ್ಯಾಂಪಿನ ಎದುರು ಓದಿದ, "ಎಂಟನೇ ತಾರೀಕು ಶನಿವಾರದೊಳಗೆ ಬರ್ಫ್ ಗುಡಿಸಿ ಮೆಷಿನ್ ಇಳಿಯಬೇಕು. ಇಲ್ಲವಾದರೆ ಡ್ರೈವರನಿಗೂ ಅವನ ಅಕ್ಕನಿಗೂ ಎಕ್ಸಿಟ್." ಈಗ ಇಲ್ಲಿ ನನ್ನ ಹೆಸರು ಬರ್ಫ್‌ವಾಲಾ. ಸ್ವೆಟರ್ ಹಾಕಿಕೊಂಡರೆ ಇನ್ನೂ ನಗುತ್ತಾರೆ.

ಮುಫ್ರಿಹ್ ಮೆಷಿನಿನ ಎದುರು ಬಿಳಿ ಕಲ್ಲಿನ ಹತ್ತಿರ ಕೂತಿದ್ದಾರೆ. ನನ್ನ ಕಡೆ ಬೆನ್ನು ಹಾಕಿ ಕೂರುತ್ತಾರೆ, ನಾನು ಹಿಂದಿನಿಂದ ಬರುವುದಿಲ್ಲ ಎಂಬ ಧೈರ್ಯ. ನನಗೆ ಸಿಟ್ಟು ಬರುವುದು ಅದಕ್ಕೇ. ಬೈದಿದ್ದರೆ ಸುಲಭವಾಗುತ್ತಿತ್ತು.

ನೋಣಯ

ಅಜೀಜಿಯಾ, ಜಿದ್ದಾ
4-12-1984

ನೋಣಯ,

ನಾನು ಎಂತ ಮಾಡಿದೆ ಎಂದು ಕೇಳಿದ್ದಿ. ಹೈಸ್ಕೂಲಿನಲ್ಲಿ ಕಲಿತ ಕನ್ನಡದಲ್ಲಿ ಹಿಮ ಎಂದರೆ ಹಿಮವೇ. ನಿನ್ನ ಅಕ್ಷರಕ್ಕೆ ದೀರ್ಘ ಎಲ್ಲಿ, ಹ್ರಸ್ವ ಎಲ್ಲಿ ಎಂದು ಮೇಷ್ಟರಿಗೇ ಗೊತ್ತಾಗುತ್ತಿರಲಿಲ್ಲ. ಪೈಪಿನ ವಿಷಯ ಒಂದು ಸಾಲು ಬರೆದಿದ್ದರೆ ನಿನ್ನ ಕೈ ಸವೆಯುತ್ತಿತ್ತಾ? ಅಕ್ಕನಿಗೆ ಗಾಬರಿಯಾಗಬಾರದು ಎಂದು ಎಲ್ಲವನ್ನೂ ಅರ್ಧ ಬರೆಯುತ್ತಿ. ಉಳಿದರ್ಧವನ್ನು ನಾನು ತುಂಬಿಸಿಕೊಂಡೆ, ತಪ್ಪಾಗಿ ತುಂಬಿಸಿದೆ. ಹೌದು, ತಪ್ಪಾಯಿತು.

ಈಗ ಅಕ್ಕನಾಗಿ ಹೇಳುತ್ತೇನೆ. ಮೆಷಿನ್ ಇಳಿಸು.

ಅವರ ಮರ, ಅವರ ಗುಡ್ಡ, ಅವರ ಸರಕಾರ. ನಾವು ಇಲ್ಲಿ ದುಡಿಯಲು ಬಂದವರು, ನಾಳೆ ಹೋಗುವವರು. ಆ ಹಿರಿಯರಿಗೆ ಅಬ್ಹಾದಲ್ಲಿ ಕೇಳುವವರಿದ್ದಾರೆ, ನಮಗೆ ಯಾರಿದ್ದಾರೆ? ನೀನು ಇಳಿಸದಿದ್ದರೆ ಇನ್ನೊಬ್ಬ ಡ್ರೈವರ್ ಬಂದು ಇಳಿಸುತ್ತಾನೆ. ಕಾಡು ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ. ಸ್ವರ್ಣಳ ಮುಖ ನೆನಪು ಮಾಡಿಕೋ. ನಿನ್ನ ಕಾಲು ಹಿಡಿಯುತ್ತೇನೆ, ಶನಿವಾರ ಅವರು ಹೇಳಿದ ಹಾಗೆ ಮಾಡು.

ನನ್ನ ಬಗ್ಗೆ ಚಿಂತೆ ಬೇಡ. ಇಲ್ಲಿ ಎಲ್ಲ ಯಥಾಪ್ರಕಾರ. ಇಲ್ಲಿರುವ ಪರವಾನಗಿಯ ರಿನ್ಯೂವಲ್‌ಗೆ ಎಂದು ಸಾಹೇಬರು ನನ್ನ ಇಕಾಮಾ ತೆಗೆದುಕೊಂಡಿದ್ದಾರೆ, ಹಾಗಾಗಿ ಹೊರಗೆ ಹೆಚ್ಚು ಹೋಗುತ್ತಿಲ್ಲ, ಅಷ್ಟೇ.

ಅಬೂಬಕರ್ ಲಾರಿ ಹೊರಡುತ್ತಿದೆ, ಹಾರ್ನ್ ಹೊಡೆಯುತ್ತಿದ್ದಾನೆ. ನಿಲ್ಲಿಸುತ್ತೇನೆ.

ನಳಿನಾಕ್ಷಿ

ಅಜೀಜಿಯಾ, ಜಿದ್ದಾ
6-12-1984, ಗುರುವಾರ

ತಮ್ಮಾ,

ಮೊನ್ನೆಯ ಪತ್ರ ಹರಿದು ಬಿಸಾಡು. ಮೆಷಿನ್ ಇಳಿಸಬೇಡ.

ಅಬೂಬಕರ್ ಇವತ್ತು ಬೆಳಿಗ್ಗೆ ತರಕಾರಿಗೆ ವಾಪಸ್ ಬಂದಿದ್ದ. ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿದ. ನಿನ್ನ ಗಾಜು ಒಡೆದದ್ದು ಕಲ್ಲು ಹಾರಿ ಅಲ್ಲ, ಗುಂಡು ತಾಗಿ ಎಂದ. ಊರಿನ ಯಾರೋ ಬಿಸಿರಕ್ತದವನು ಹೊಡೆದದ್ದಂತೆ. ನಿನ್ನ ಕಿವಿಯ ಹತ್ತಿರ ಹೋಯಿತಂತೆ. ಆ ಮುದುಕರು ಅವನ ಬಂದೂಕು ಕಿತ್ತು, ಆವತ್ತಿನಿಂದ ತಾವೇ ಮೆಷಿನಿನ ಎದುರು ಬಂದು ಕೂರುವುದಂತೆ. ನಾನು ಕೇಳಿದೆ, ನಿನ್ನನ್ನು ತಡೆಯಲಿಕ್ಕಾ ಎಂದು.

"ಅಲ್ಲ ಅಕ್ಕ," ಅಂದ ಅಬೂಬಕರ್, "ಪುನಃ ಯಾರಾದರೂ ಹೊಡೆದರೆ ನೋಣಯನಿಗೆ ತಾಗಬಾರದು ಅಂತ. ಅವರು ನಡುವಲ್ಲಿ ಕೂತರೆ ಯಾರು ಹೊಡಿತಾರೆ? ಬೆನ್ನು ಹಾಕಿ ಕೂರುದು ಎಂತಕ್ಕೆ ಅಂದ್ಕೊಂಡ್ರಿ? ಅವರು ನೋಡುದು ಊರಿನ ಕಡೆ."

ಇದು ನಿನಗೆ ಗೊತ್ತುಂಟೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಅವರ ಬೆನ್ನನ್ನು ಒಂದು ರೀತಿ ಓದಿದ್ದಿ, ನಾನು ನಿನ್ನ ಹಿಮವನ್ನು ಓದಿದ ಹಾಗೆಯೇ. ನನ್ನ ತಮ್ಮನನ್ನು ಕಾಯುತ್ತಾ ಕೂತವರ ಬೆನ್ನಿಗೆ ಮೆಷಿನ್ ಇಳಿಸು ಎಂದು ಬರೆದೆನಲ್ಲ ಎಂದು ನಾಚಿಕೆಯಾಗುತ್ತದೆ.

ಎಕ್ಸಿಟ್ ಕೊಟ್ಟರೆ ಕೊಡಲಿ. ಇಬ್ಬರೂ ಹೋಗುವ. ಮಂಗಳೂರಿನಲ್ಲಿ ನರ್ಸುಗಳಿಗೆ ಕೆಲಸ ಇಲ್ಲವಾ, ಡ್ರೈವರುಗಳಿಗೆ ಕೆಲಸ ಇಲ್ಲವಾ? ಸ್ವರ್ಣಳಿಗೆ ನಾನೇ ತಿಳಿಸಿ ಹೇಳುತ್ತೇನೆ. ಅವಳು ನನ್ನ ಮಗಳು, ಅರ್ಥ ಮಾಡಿಕೊಳ್ಳುತ್ತಾಳೆ.

ಅಬೂಬಕರ್ ಈಗಲೇ ಹೊರಡುತ್ತಾನೆ. ನಾಳೆ ಶುಕ್ರವಾರ ಸಂಜೆಯೊಳಗೆ ನಿನ್ನ ಕೈಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಶನಿವಾರ ಬೆಳಿಗ್ಗೆ ಮೆಷಿನಿನ ಕೀ ಇಕ್ರಾಮುಲ್ಲಾನ ಕೈಯಲ್ಲಿ ಇಟ್ಟು, ಕೈಮುಗಿದು, ಸುಮ್ಮನೆ ಬಾ. ಅಂಗಿ ಮಾತ್ರ ಹಿಡಿಯಬೇಡ.

ನಿನ್ನ ಅಕ್ಕ

ಕ್ಯಾಂಪ್
11-12-1984

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡನೆಯ ಪತ್ರ ಭಾನುವಾರ ಬಂತು. ಅಬೂಬಕರನ ಮೇಲೆ ಸಿಟ್ಟು ಮಾಡಬೇಡ. ಘಟ್ಟ ಹತ್ತುವಲ್ಲಿ ದಾರಿಯೇ ಕಾಣದೆ ಅವನು ಬುಡದಲ್ಲಿ ನಿಂತುಬಿಟ್ಟಿದ್ದನಂತೆ. ಮಂಜು ಬಿಡುವವರೆಗೆ ಲಾರಿ ಅಲ್ಲೇ ಇತ್ತು. ಪತ್ರ ಕೊಡುವಾಗ ಅವನು ನನ್ನ ಮುಖ ನೋಡಲಿಲ್ಲ, ಎದುರಿನ ಗುಡ್ಡ ನೋಡಿದ. ಆಗ ಅವನಿಗೆ ಎಲ್ಲ ಗೊತ್ತಾಯಿತು.

ನಿನ್ನ ಮೊದಲ ಪತ್ರದಲ್ಲಿ ಕಾಲು ಹಿಡಿಯುತ್ತೇನೆ ಎಂದು ಬರೆದದ್ದಕ್ಕಲ್ಲ ನಾನು ಮೆಷಿನ್ ಇಳಿಸಿದ್ದು. ಆ ಮಾತಿಗೆ ಸಿಟ್ಟೇ ಬಂದಿತ್ತು. ಆದರೆ ಕೊನೆಗೆ ಒಂದು ಸಾಲು ಇತ್ತು, ರಿನ್ಯೂವಲ್‌ಗೆ ಇಕಾಮಾ ಕೊಟ್ಟೆ ಎಂದು. ನಿನ್ನ ಇಕಾಮಾ ಮುಗಿಯುವುದು ಬರುವ ವರ್ಷದ ಕೊನೆಗೆ. ನಾನು ಅರ್ಧ ಬರೆಯುವವನು ಎಂದು ಬೈದೆಯಲ್ಲ, ನೀನೂ ಅಷ್ಟೇ. ಇಕಾಮಾ ಇಲ್ಲದ ಹೆಂಗಸು ಆ ಊರಿನಲ್ಲಿ ಒಬ್ಬಳೇ, ಪೊಲೀಸರು ಕೇಳಿದರೆ ಏನು ಗತಿ ಎಂದು ಯೋಚಿಸಿದ ಮೇಲೆ ನನಗೆ ಬೇರೆ ಏನೂ ಯೋಚಿಸಲಿಕ್ಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಮೆಷಿನ್ ಸ್ಟಾರ್ಟ್ ಮಾಡಿದೆ. ಮುಫ್ರಿಹ್ ಅಲ್ಲೇ ಕೂತಿದ್ದರು, ಬೆನ್ನು ಹಾಕಿ. ಆವತ್ತು ಅವರು ಹೂ ಮುಡಿದಿರಲಿಲ್ಲ. ನಾನು ಇಳಿದು ಅವರ ಎದುರು ಹೋಗಿ ಕೂತೆ. ನನ್ನ ಅರಬ್ಬಿ ಎಷ್ಟು ಎಂದು ನಿನಗೆ ಗೊತ್ತು. ಅಕ್ಕ, ಇಕಾಮಾ, ಜಿದ್ದಾ, ಮ್ಯಾನೇಜರನಿಗೆ ಮುದೀರ್, ಇಷ್ಟೇ ಮಾತು ಬಂತು. ಅವರು ಕೇಳಿದರು, "ಅಕ್ಕ ಒಬ್ಬಳೇಯಾ?" ಹೌದೆಂದೆ. "ದೊಡ್ಡವಳಾ, ಚಿಕ್ಕವಳಾ?" ಇವರ ಭಾಷೆಯಲ್ಲಿ ಅಕ್ಕನಿಗೂ ತಂಗಿಗೂ ಒಂದೇ ಮಾತು. ದೊಡ್ಡವಳು, ಅಮ್ಮನ ಹಾಗೆ, ಎಂದೆ. ಅವರು ನನ್ನ ಹೆಗಲು ಹಿಡಿದು ಎದ್ದರು. ಸಂಜೆಯವರೆಗೆ ಸಮಯ ಕೊಡು ಎಂದರು.

ಬಿಳಿ ಕಲ್ಲಿನ ಮೇಲೆ ಹತ್ತಿ ನಿಂತು, ಕಿವಿಗೆ ಕೈಯಿಟ್ಟು, ಊರಿಗೆ ಕೇಳುವ ಹಾಗೆ ಕೂಗಿದರು. ಹಿಮಾ ಬಿಟ್ಟರು, ಅಕ್ಕ. ಡಿಸೆಂಬರಿನಲ್ಲಿ ಬಿಟ್ಟರು.

ನನ್ನ ಬ್ಲೇಡಿನ ಅಡಿಗೆ ಹೋಗುವುದಕ್ಕಿಂತ ತಮ್ಮ ಕುರಿಗಳ ಹೊಟ್ಟೆಗೆ ಹೋಗಲಿ ಎಂದು. ಊರಿಗೂರೇ ಇಳಿದು ಬಂತು. ಹೆಂಗಸರು ಕತ್ತಿ ತಂದರು, ಗಂಡಸರು ಕತ್ತೆ ಹೊಡೆದುಕೊಂಡು ಬಂದರು. ಹಿಮಾ ಬಿಡುವ ದಿನ ಹಾಡುತ್ತಾರಂತೆ, ಆವತ್ತು ಯಾರೂ ಹಾಡಲಿಲ್ಲ. ಬರೀ ಕತ್ತಿಯ ಶಬ್ದ. ಜೇನುಪೆಟ್ಟಿಗೆಗಳನ್ನು ಮಕ್ಕಳನ್ನು ಎತ್ತುವ ಹಾಗೆ ಎತ್ತಿಕೊಂಡು ಹೋದರು. ಇಕ್ರಾಮುಲ್ಲಾ ಓಡಿ ಬಂದು ಮೆಷಿನ್ ಯಾಕೆ ನಿಂತಿದೆ ಎಂದು ಕೂಗಾಡಿದ. ನಾನು ಕೀ ತೆಗೆದು ನೀನು ಕಳಿಸಿದ ಸ್ವೆಟರಿನ ಒಳಗೆ ಹಾಕಿಕೊಂಡೆ. ಅವನು ನನ್ನ ಕೊರಳು ಹಿಡಿದ, ಕೆನ್ನೆಗೆ ಹೊಡೆದ. ನಾನು ಅವನ ಅಂಗಿ ಹಿಡಿಯಲಿಲ್ಲ, ಕೀಯನ್ನೂ ಕೊಡಲಿಲ್ಲ. ನನ್ನಿಂದ ಆದದ್ದು ಅಷ್ಟೇ.

ಸಂಜೆ ಮುಫ್ರಿಹ್ ಬಂದು ನನಗೆ ತಲೆಯಾಡಿಸಿ, ಪಕ್ಕಕ್ಕೆ ನಿಂತರು. ಆಗ ಇಳಿಸಿದೆ. ಮರಗಳು ಬೇರು ಸಮೇತ ಬಂದವು. ಪೆನ್ಸಿಲ್ ಕೆತ್ತಿದ ವಾಸನೆ ಮೆಷಿನಿಗೆ, ಸ್ವೆಟರಿಗೆ, ನನ್ನ ಕೂದಲಿಗೆ ಹಿಡಿದಿದೆ. ಎಷ್ಟು ಸ್ನಾನ ಮಾಡಿದರೂ ಹೋಗುವುದಿಲ್ಲ. ಅವರು ಬೆನ್ನು ಹಾಕಿ ಕೂತದ್ದು ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಓದಿಯೇ ಗೊತ್ತಾದದ್ದು, ಮರುದಿನ.

ಝಿಯಾವುದ್ದೀನ್ ಸಾಹೇಬರು ಶಾಭಾಷ್ ಎಂದು ಹೇಳಿ ಕಳಿಸಿದ್ದಾರೆ. ಜನವರಿಯಿಂದ ನನಗೆ ಜಿದ್ದಾದಲ್ಲಿ ಕೆಲಸ. ನಿನ್ನ ಇಕಾಮಾ ಈ ವಾರ ಕೊಡುತ್ತಾರೆ. ಸ್ವರ್ಣಳಿಗೆ ಏನೂ ಹೇಳುವ ಅಗತ್ಯ ಬೀಳಲಿಲ್ಲ. ನಾವು ಬೇಡಿಕೊಂಡದ್ದೆಲ್ಲ ಆಯಿತು.

ಇನ್ನೊಂದು ವಿಷಯ. ಹಿಮಾ ಬಿಡುವ ದಿನ ಅಲ್ಲಿ ಯಾರೇ ಇದ್ದರೂ, ದಾರಿಹೋಕನೇ ಆದರೂ, ಅವನಿಗೊಂದು ಪಾಲು ಕೊಡಬೇಕಂತೆ. ಕೊಡದೆ ಕಳಿಸಿದರೆ ಊರಿಗೆ ಒಳ್ಳೆಯದಾಗುವುದಿಲ್ಲವಂತೆ. ನಾನು ಬ್ಲೇಡ್ ಇಳಿಸುವ ಮೊದಲು ಮುಫ್ರಿಹ್ ಅವರ ಹೆಂಡತಿ ಬಂದು, ಹಗ್ಗ ಕಟ್ಟಿದ ಒಂದು ಹೊರೆ ಹುಲ್ಲನ್ನು ಮೆಷಿನಿನ ಮೇಲಿಟ್ಟು ಹೋದರು. ಅದನ್ನು ಮಂಚದ ಕೆಳಗೆ ಇಟ್ಟಿದ್ದೇನೆ. ಇನ್ನೂ ಹಸುರು ಉಂಟು. ಇಕ್ರಾಮುಲ್ಲಾ ಎಸೆ ಎಂದ, ನಾನು ಎಸೆಯಲಿಲ್ಲ.

ಜಿದ್ದಾಕ್ಕೆ ಬರುವಾಗ ತರುತ್ತೇನೆ. ಎಂತ ಮಾಡುವುದು ಎಂದು ನೀನೇ ಹೇಳು ಅಕ್ಕ. ನಮಗೆ ದನ ಇಲ್ಲ.

ನಿನ್ನ ತಮ್ಮ,
ನೋಣಯ